ಓದುಗರ ಪ್ರಶ್ನೆ: ಎಐ ಕಾನೂನು, ಹೆಣ್ಣುಮಕ್ಕಳ ಹಕ್ಕು ಮತ್ತು ಸಂಶೋಧನೆಯ ದಾರಿ

ಕೃತಕ ಬುದ್ಧಿಮತ್ತೆಯ ನಿಯಂತ್ರಣ ಮತ್ತು ಮಹಿಳಾ ಹಕ್ಕು, ಈ ಎರಡೂ ಕೂಡುವ ಜಾಗದಲ್ಲಿ ಸಂಶೋಧನೆ ಮಾಡಬೇಕೆನ್ನುವವರು ಬರೆದ ಪತ್ರಗಳಿಗೆ ಈ ಸಲದ ಅಂಕಣ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇವೆ. ಹೆಸರು ಬೇಡ ಎಂದವರೇ ಹೆಚ್ಚಿದ್ದರಿಂದ ಊರನ್ನಷ್ಟೇ ಹಾಕಿದ್ದೇವೆ.

ಎಲ್‌ಎಲ್‌ಎಂ ಓದುತ್ತಿದ್ದೇನೆ. ಪ್ರಬಂಧಕ್ಕೆ ‘ಕೃತಕ ಬುದ್ಧಿಮತ್ತೆ ಮತ್ತು ಮಹಿಳೆಯರ ಹಕ್ಕುಗಳು: ಒಂದು ಅಧ್ಯಯನ’ ಎಂಬ ವಿಷಯ ಕೊಟ್ಟೆ. ಗೈಡ್ ಸರ್ ‘ಇದು ಸಮುದ್ರ ಆಯ್ತಮ್ಮಾ, ಒಂದು ಕೆರೆ ಹುಡುಕ್ಕೊಂಡು ಬಾ’ ಅಂತ ವಾಪಸ್ ಕಳಿಸಿದರು. ಹೇಗೆ ಕಿರಿದು ಮಾಡಲಿ? (ಧಾರವಾಡ)

ನಿಮ್ಮ ಸರ್ ಹೇಳಿದ್ದು ಸರಿಯಾಗಿಯೇ ಇದೆ. ನಾಲ್ಕು ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರ ಬರೆದು ನೋಡಿ. ಯಾವ ವ್ಯವಸ್ಥೆ? ಅದು ಮಾಡುವ ಯಾವ ತೀರ್ಮಾನ? ಆ ತೀರ್ಮಾನ ತಪ್ಪಿದರೆ ಯಾವ ಹೆಣ್ಣುಮಕ್ಕಳಿಗೆ ಏನು ಕೈತಪ್ಪುತ್ತದೆ? ಹಾಗೆ ಕೈತಪ್ಪಿದ್ದು ಯಾವ ಕಾಯ್ದೆಯ ಯಾವ ಸೆಕ್ಷನ್ ಕೊಟ್ಟ ಹಕ್ಕು? ನಾಲ್ಕರಲ್ಲಿ ಒಂದಕ್ಕೆ ಉತ್ತರ ಬರದಿದ್ದರೂ ವಿಷಯ ಇನ್ನೂ ಮಾಗಿಲ್ಲ.

ಅಂಗನವಾಡಿಯನ್ನೇ ತೆಗೆದುಕೊಳ್ಳಿ. ಗರ್ಭಿಣಿ, ಬಾಣಂತಿಯರಿಗೆ ಮನೆಗೊಯ್ಯುವ ಪೌಷ್ಟಿಕ ಆಹಾರ ಕೊಡುವಾಗ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಗುರುತಿಸುವುದನ್ನು ಕೇಂದ್ರ ಸರ್ಕಾರ 2025ರ ಜುಲೈ 1ರಿಂದ ಕಡ್ಡಾಯ ಮಾಡಿತು. ಮೊದಲು ಆಧಾರ್ ಇ-ಕೆವೈಸಿ, ಅದಕ್ಕೊಂದು ಒಟಿಪಿ. ಆಮೇಲೆ ಕಾರ್ಯಕರ್ತೆ ತನ್ನ ಫೋನಿನಲ್ಲಿ ತಾಯಿಯ ಮುಖ ಹಿಡಿಯಬೇಕು, ಅದು ಹೊಂದಬೇಕು. ಅಲ್ಲಿಗೆ ವ್ಯವಸ್ಥೆ ಸಿಕ್ಕಿತು. ತೀರ್ಮಾನ ಏನೆಂದರೆ ‘ಈಕೆ ಆಕೆಯೇ ಹೌದೋ ಅಲ್ಲವೋ’. ಇನ್ನು ಹಕ್ಕು: 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಗರ್ಭಿಣಿಗೆ, ಮತ್ತು ಹೆರಿಗೆಯಾಗಿ ಆರು ತಿಂಗಳ ತನಕ ತಾಯಿಗೆ, ಅಂಗನವಾಡಿ ಮೂಲಕ ಉಚಿತ ಆಹಾರ. ಅದೇ ಕಾಯ್ದೆಯ 8ನೇ ಸೆಕ್ಷನ್ ಹೇಳುವುದನ್ನು ಹೆಚ್ಚಿನವರು ಓದುವುದೇ ಇಲ್ಲ. ಕೊಡಬೇಕಾದ ಆಹಾರ ಕೊಡದಿದ್ದರೆ ರಾಜ್ಯ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕು. ನಿಮ್ಮ ಪ್ರಬಂಧದ ಪ್ರಶ್ನೆ ಇಲ್ಲೇ ಇದೆ: ಮುಖ ಹೊಂದಲಿಲ್ಲವೆಂದು ಬರಿಗೈಯಲ್ಲಿ ವಾಪಸ್ ಹೋದ ತಾಯಿಗೆ 8ನೇ ಸೆಕ್ಷನ್ ಅನ್ವಯಿಸುತ್ತದೆಯೇ? ಆಕೆ ವಾಪಸ್ ಹೋದದ್ದು ಎಲ್ಲಾದರೂ ದಾಖಲಾಗುತ್ತದೆಯೇ?

ಕ್ಷೇತ್ರಕ್ಕೆ ಹೋದಾಗ ‘ಎಐ ಪಕ್ಷಪಾತ’ ಹುಡುಕಲು ಹೊರಡಬೇಡಿ. ಕೆಲಸ ಎಲ್ಲಿ ನಿಂತಿತು ಎಂದು ಹಂತ ಹಂತವಾಗಿ ಬರೆದುಕೊಳ್ಳಿ. ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ಸಿಮ್ ಗಂಡನ ಬಳಿ, ಗಂಡ ಗಾರೆ ಕೆಲಸಕ್ಕೆ ಬೇರೆ ಊರಿನಲ್ಲಿ. ಇದು ಆಲ್ಗಾರಿದಮ್‌ನ ತಪ್ಪೇ ಅಲ್ಲ, ಆದರೆ ಹೆಣ್ಣೆಂಬ ಕಾರಣಕ್ಕೇ ಬಂದ ತೊಡಕು. ಆಧಾರ್ ಫೋಟೊ ಹಳೆಯದಾಗಿರುವುದು, ಒಳಕೋಣೆಯ ಮಂಕು ಬೆಳಕು, ಕಾರ್ಯಕರ್ತೆಯ ಫೋನಿನ ಕ್ಯಾಮೆರಾ, ಸಿಗ್ನಲ್ ಇಲ್ಲದಿರುವುದು, ಇವೆಲ್ಲ ಬೇರೆ ಬೇರೆ ಕಾರಣಗಳು. ಒಂದೇ ಕಾಲಂನಲ್ಲಿ ‘ಫೇಲ್’ ಎಂದು ಬರೆದುಕೊಂಡರೆ ಮನೆಗೆ ಬಂದ ಮೇಲೆ ನಿಮ್ಮ ಅಂಕಿ-ಅಂಶ ಯಾವ ಉಪಯೋಗಕ್ಕೂ ಬರುವುದಿಲ್ಲ. ಕನಿಷ್ಠ ಐದು ಕಾಲಂ ಇರಲಿ: ಎಷ್ಟನೇ ಪ್ರಯತ್ನ, ಯಾವ ಹಂತದಲ್ಲಿ ನಿಂತಿತು, ಕೊನೆಗೆ ಆಹಾರ ಸಿಕ್ಕಿತೇ, ಎಷ್ಟು ದಿನ ತಡ, ಕಾರ್ಯಕರ್ತೆ ಏನು ದಾರಿ ಹುಡುಕಿದರು. ಕೊನೆಯದ್ದು ಮುಖ್ಯ. ನಿಯಮದಲ್ಲಿ ಇಲ್ಲದ ವಿನಾಯಿತಿಯನ್ನು ಎಷ್ಟೋ ಕಡೆ ಕಾರ್ಯಕರ್ತೆಯರೇ ತಮ್ಮ ಮೇಲೆ ಹಾಕಿಕೊಂಡು ಕೊಟ್ಟಿರುತ್ತಾರೆ. ಅವರ ಹೆಸರು, ಕೇಂದ್ರದ ಹೆಸರು ನಿಮ್ಮ ಪ್ರಬಂಧದಲ್ಲಿ ಕಾಣಿಸಿದರೆ ನೋಟಿಸ್ ಬರುವುದು ಅವರಿಗೆ. ಹೋಗುವ ಮುಂಚೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಲಿಖಿತ ಅನುಮತಿ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಮಾತೃಪೂರ್ಣದ ಬಿಸಿಯೂಟ ಬೇರೆ, ಮನೆಗೊಯ್ಯುವ ಆಹಾರ ಬೇರೆ. ಮುಖ ಗುರುತಿನ ನಿಯಮ ಎರಡನೆಯದಕ್ಕೆ. ಎರಡನ್ನೂ ಬೆರೆಸಿದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಕಾನೂನಿನ ಬೆನ್ನೆಲುಬಿಗೆ ಎರಡು ತೀರ್ಪುಗಳನ್ನು ಪೂರ್ತಿ ಓದಿ, ಆರಂಭದಲ್ಲಿ ಕೊಡುವ ಸಾರಾಂಶ (ಹೆಡ್‌ನೋಟ್) ಮಾತ್ರ ಸಾಲದು. ಒಂದು, ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ 2017ರ ಆಗಸ್ಟ್ 24ರ ತೀರ್ಪು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎರಡನೆಯದು, 2021ರ ಮಾರ್ಚ್‌ನಲ್ಲಿ ಬಂದ ಲೆಫ್ಟಿನೆಂಟ್ ಕರ್ನಲ್ ನಿತಿಷಾ ಪ್ರಕರಣದ ತೀರ್ಪು. ಸೇನೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ಸೇವೆ ಕೊಡುವಾಗ ಇಟ್ಟ ಅಳತೆಗೋಲು ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ, ಪರಿಣಾಮದಲ್ಲಿ ಮಾತ್ರ ಹೆಣ್ಣುಮಕ್ಕಳನ್ನೇ ಹೊರಗಿಡುತ್ತಿತ್ತು. ಇದು ಪರೋಕ್ಷ ತಾರತಮ್ಯ, ಇದಕ್ಕೆ ಉದ್ದೇಶ ಸಾಬೀತು ಮಾಡಬೇಕಿಲ್ಲ ಎಂದಿತು ಸುಪ್ರೀಂ ಕೋರ್ಟ್. ಯಂತ್ರಕ್ಕೆ ಉದ್ದೇಶವೆಂಬುದು ಇರುವುದಿಲ್ಲವಲ್ಲ, ಹಾಗಾಗಿ ಭಾರತದಲ್ಲಿ ಆಲ್ಗಾರಿದಮ್ ತಾರತಮ್ಯದ ವಾದ ಕಟ್ಟಲು ಇದಕ್ಕಿಂತ ಗಟ್ಟಿ ಆಧಾರ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಒಂದು ಎಚ್ಚರಿಕೆ: ಸಮಾನತೆಯ ಬಗ್ಗೆ ಹೇಳುವ ಸಂವಿಧಾನದ 14 ಮತ್ತು 15ನೇ ವಿಧಿ ಮುಖ್ಯವಾಗಿ ಸರ್ಕಾರದ ಮೇಲೆ ನಡೆಯುತ್ತವೆ. ಖಾಸಗಿ ಕಂಪನಿಯ ನೇಮಕಾತಿ ಸಾಫ್ಟ್‌ವೇರ್ ಬಗ್ಗೆ ಬರೆಯುವವರು ಇದನ್ನು ಮರೆತು ಇಡೀ ಅಧ್ಯಾಯವನ್ನೇ ಕಳೆದುಕೊಳ್ಳುತ್ತಾರೆ.

ಬಿಇ ಮುಗಿಸಿ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ, ವಯಸ್ಸು 29. ಕಾನೂನು ಪದವಿ ಇಲ್ಲ. ಈ ಕ್ಷೇತ್ರಕ್ಕೆ ಬರಲು ಮತ್ತೆ ಮೊದಲಿಂದ ಓದಬೇಕಾ? (ಬೆಂಗಳೂರು)

ಬೇಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಇದ್ದರೆ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಸ್ನಾತಕೋತ್ತರ ಪದವಿ ಇದ್ದರೆ ಶೇ 55 ಸಾಕು. ಆದರೆ ನೇರವಾಗಿ ಹಾರಬೇಡಿ ಎಂದೇ ನಮ್ಮ ಸಲಹೆ. ಮಧ್ಯೆ ಒಂದು ಸ್ನಾತಕೋತ್ತರ ಇರಲಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಪಬ್ಲಿಕ್ ಪಾಲಿಸಿ ಇದೆ. ಟ್ರಿಪಲ್ ಐಟಿ ಬೆಂಗಳೂರು ‘ಡಿಜಿಟಲ್ ಸೊಸೈಟಿ’ ಎಂಬ ಕೋರ್ಸ್ ನಡೆಸಿಕೊಂಡು ಬಂದಿದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗವಿದೆ. ಆಯಾ ವರ್ಷದ ಪ್ರವೇಶ ಪ್ರಕಟಣೆ ನೋಡಿಕೊಳ್ಳಿ. ಮುಂದೆ ಕಾನೂನು ಕಾಲೇಜಿನಲ್ಲೇ ಪಾಠ ಮಾಡುವ ಆಸೆ ಇದ್ದರೆ ಮಾತ್ರ ಮೂರು ವರ್ಷದ ಎಲ್‌ಎಲ್‌ಬಿ, ಆಮೇಲೆ ಎಲ್‌ಎಲ್‌ಎಂ. ಎಲ್‌ಎಲ್‌ಬಿಯನ್ನು ಅಂಚೆ ಮೂಲಕ ಮಾಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಬಾರ್ ಕೌನ್ಸಿಲ್ ಅದನ್ನು ಒಪ್ಪುವುದಿಲ್ಲ.

ನಿಮ್ಮ ಕೈಯಲ್ಲಿರುವ ವಿದ್ಯೆ ಟೆಸ್ಟಿಂಗ್. ಕಾನೂನಿನವರಲ್ಲಿ ಹೆಚ್ಚಿನವರಿಗೆ ಅದೇ ಬರುವುದಿಲ್ಲ. 2018ರಲ್ಲಿ ಸಂಶೋಧಕಿಯರಾದ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿತ್ ಗೆಬ್ರು ಮಾಡಿದ್ದು ಮೂಲತಃ ಟೆಸ್ಟಿಂಗೇ. 1,270 ಮುಖಗಳನ್ನು ಮೂರು ಕಂಪನಿಗಳ ಲಿಂಗ ಗುರುತಿಸುವ ಸಾಫ್ಟ್‌ವೇರ್‌ಗೆ ಕೊಟ್ಟರು, ಫಲಿತಾಂಶವನ್ನು ಲಿಂಗ ಮತ್ತು ಚರ್ಮದ ಬಣ್ಣ ಎರಡನ್ನೂ ಸೇರಿಸಿ ಒಡೆದು ನೋಡಿದರು. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಕಪ್ಪು ಹೆಂಗಸರಲ್ಲಿ ಶೇ 34.7ರ ತನಕ. ಹೆಂಗಸರೆಲ್ಲ ಒಂದು ಗುಂಪು, ಗಂಡಸರೆಲ್ಲ ಒಂದು ಗುಂಪು ಎಂದು ನೋಡಿದ್ದರೆ ಆ ಅಂತರ ಅಷ್ಟು ಎದ್ದು ಕಾಣುತ್ತಿರಲಿಲ್ಲ.

ಒಂದು ಲೆಕ್ಕ ಕಲಿತಿಟ್ಟುಕೊಳ್ಳಿ. ಒಂದು ರೆಸ್ಯೂಮೆ ಸೋಸುವ ಸಾಫ್ಟ್‌ವೇರ್‌ಗೆ 300 ಗಂಡಸರ, 200 ಹೆಂಗಸರ ಅರ್ಜಿ ಹೋಯಿತು ಎನ್ನಿ. 75 ಗಂಡಸರು, 30 ಹೆಂಗಸರು ಪಾಸಾದರು. ಒಂದು ಕಡೆ ಶೇ 25, ಇನ್ನೊಂದು ಕಡೆ ಶೇ 15. ಹದಿನೈದನ್ನು ಇಪ್ಪತ್ತೈದರಿಂದ ಭಾಗಿಸಿದರೆ 0.6. ಅಮೆರಿಕದ ಉದ್ಯೋಗ ಕಾನೂನಿನ ಹಳೆಯ ‘ಐದರಲ್ಲಿ ನಾಲ್ಕು’ ಸೂತ್ರದಂತೆ 0.8ಕ್ಕಿಂತ ಕಡಿಮೆ ಬಂದರೆ ಅನುಮಾನಿಸಬೇಕು. ನ್ಯೂಯಾರ್ಕ್ ನಗರ 2023ರ ಜುಲೈಯಿಂದ ಜಾರಿಗೊಳಿಸಿದ ಸ್ಥಳೀಯ ಕಾನೂನು 144ರಲ್ಲೂ ನೇಮಕಾತಿ ಸಾಫ್ಟ್‌ವೇರ್‌ಗೆ ಇಂಥದ್ದೇ ಅನುಪಾತ ಲೆಕ್ಕ ಹಾಕಿ ಪ್ರಕಟಿಸಬೇಕು. ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. 0.8 ಭಾರತದ ಕಾನೂನಲ್ಲ, ಅದನ್ನು ಇಲ್ಲಿಯ ನಿಯಮವೆಂದು ಬರೆದರೆ ಮುಗಿಯಿತು. ಹತ್ತಿಪ್ಪತ್ತು ಅರ್ಜಿಗಳ ಮೇಲೆ ಈ ಲೆಕ್ಕ ಹಾಕಿದರೆ ಒಬ್ಬಿಬ್ಬರು ಆಚೀಚೆಯಾದರೂ ಅನುಪಾತ ತಲೆಕೆಳಗಾಗುತ್ತದೆ.

ಓದಲೇಬೇಕಾದ ಇನ್ನೊಂದು ಪ್ರಕರಣ ಆಸ್ಟ್ರಿಯಾದ್ದು. ಅಲ್ಲಿಯ ಉದ್ಯೋಗ ಸೇವಾ ಇಲಾಖೆ ನಿರುದ್ಯೋಗಿಗಳಿಗೆ ಕೆಲಸ ಸಿಗುವ ಸಾಧ್ಯತೆ ಲೆಕ್ಕ ಹಾಕಲು ಮಾಡಿಸಿದ ಮಾದರಿಯಲ್ಲಿ ಹೆಣ್ಣಾಗಿದ್ದರೆ 0.14 ಕಳೆಯಲಾಗುತ್ತಿತ್ತು. ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುವ ಹೊಣೆ ಇದ್ದರೆ ಇನ್ನೂ 0.15. ಆ ಎರಡನೆಯ ಕಳೆತ ಹೆಂಗಸರಿಗೆ ಮಾತ್ರ. ಮಕ್ಕಳನ್ನು ನೋಡಿಕೊಳ್ಳುವ ಗಂಡಸಿಗೆ ಅಂಕ ಕಳೆಯುತ್ತಿರಲಿಲ್ಲ. ‘ಮಾರುಕಟ್ಟೆಯ ವಾಸ್ತವ ಹಾಗಿದೆ’ ಎಂಬುದು ಸಮರ್ಥನೆಯಾಗಿತ್ತು. ಕೋಡ್‌ನ ಒಂದು ಸಾಲು ಹಿಡಿದು ಕಾನೂನಿನ ಪ್ರಶ್ನೆ ಎತ್ತುವುದು ಹೇಗೆ ಎಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಕಂಪನಿ ಬಿಡುವ ಮುಂಚೆ ನಿಮ್ಮ ನೇಮಕಾತಿ ಪತ್ರದ ಗೋಪ್ಯತಾ ಷರತ್ತು ಓದಿ. ಅಲ್ಲಿ ನೋಡಿದ್ದನ್ನು ಸಂಶೋಧನೆಯಲ್ಲಿ ಬಳಸುವಂತಿಲ್ಲ.

ಮಗಳು ಒಳ್ಳೆ ಮಾರ್ಕ್ಸ್ ತೆಗೆದವಳು, ಈಗ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡ್ತೀನಿ ಅಂತಾಳೆ. ಓದಿನ ಹುಚ್ಚು ಸರಿ, ಹೊಟ್ಟೆಪಾಡು ನಡೆಯುತ್ತಾ? (ಶಿವಮೊಗ್ಗ)

ನೇರವಾಗಿ ಹೇಳುತ್ತೇವೆ ಅಮ್ಮ. ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಎಂಬ ಸಂಶೋಧನಾ ವೇತನ ಸಿಕ್ಕರೆ ನಡೆಯುತ್ತದೆ, ಸಿಗದಿದ್ದರೆ ಮೊದಲ ಎರಡು ಮೂರು ವರ್ಷ ಬಿಗಿ. 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಇದಕ್ಕೆ ಯುಜಿಸಿ-ನೆಟ್ ಬರೆಯಬೇಕು. ಎರಡು ಪತ್ರಿಕೆ, 50 ಮತ್ತು 100 ಪ್ರಶ್ನೆ, ಒಟ್ಟು 300 ಅಂಕ, ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಜೆಆರ್‌ಎಫ್‌ಗೆ ವಯೋಮಿತಿ 30, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ. ಜೆಆರ್‌ಎಫ್ ತಪ್ಪಿದರೂ ನೆಟ್ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಬರುತ್ತದೆ: ಶೇ 70 ಅದಕ್ಕೆ, ಶೇ 30 ಸಂದರ್ಶನಕ್ಕೆ. ಆ ಅಂಕಕ್ಕೆ ಒಂದೇ ವರ್ಷದ ಆಯುಷ್ಯ.

ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಾಮಾನ್ಯವಾಗಿ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಬೇಕು. ಕೆ-ಸೆಟ್ ಅರ್ಹತೆಗೆ ಕರ್ನಾಟಕದಲ್ಲಿ ಮಾತ್ರ ಮಾನ್ಯತೆ. ಯುಜಿಸಿ ವೇತನದಲ್ಲಿ ಆರಂಭದ ಮೂಲ ವೇತನ 57,700. ಆದರೆ ಕಾಯಂ ಹುದ್ದೆಯ ಅಧಿಸೂಚನೆ ಯಾವಾಗ ಬರುತ್ತದೋ ಹೇಳಲಾಗದು, ಅಲ್ಲಿಯ ತನಕ ಅತಿಥಿ ಉಪನ್ಯಾಸಕಿಯಾಗಿ ದುಡಿಯುವವರೇ ಹೆಚ್ಚು. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಈ ವಿಷಯಕ್ಕೊಂದು ಅನುಕೂಲ ಮಾತ್ರ ಉಂಟು, ವಿಶ್ವವಿದ್ಯಾಲಯದ ಹೊರಗೂ ಕೆಲಸವಿದೆ. ಬೆಂಗಳೂರಿನಲ್ಲೇ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ, ಐಟಿ ಫಾರ್ ಚೇಂಜ್‌ನಂಥ ಸಂಶೋಧನಾ ಸಂಸ್ಥೆಗಳಿವೆ. ಕಂಪನಿಗಳಲ್ಲಿ ಡೇಟಾ ಸಂರಕ್ಷಣೆ, ನಿಯಮ ಪಾಲನೆಯ ಹುದ್ದೆಗಳೂ ಇವೆ.

ಮದುವೆ, ಮಗು ಎಂದರೆ ಪಿಎಚ್‌ಡಿ ನಿಂತೇಹೋಯಿತು ಎಂದುಕೊಳ್ಳಬೇಡಿ. 2022ರ ನಿಯಮದಲ್ಲಿ 240 ದಿನದ ತನಕ ಹೆರಿಗೆ ಅಥವಾ ಮಕ್ಕಳ ಆರೈಕೆ ರಜೆ ಇದೆ. ಸಾಮಾನ್ಯ ಗರಿಷ್ಠ ಅವಧಿಯ ಮೇಲೆ ಮಹಿಳೆಯರಿಗೆ ಇನ್ನೆರಡು ವರ್ಷ ಸಿಗುತ್ತದೆ, ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ರಜೆಗೆ ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಲು ಮಗಳಿಗೆ ಹೇಳಿ. ಬಾಯಿಮಾತಿನ ಅನುಮತಿ ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಸುರಕ್ಷಿತ ನಗರ ಯೋಜನೆಯ ಕ್ಯಾಮೆರಾಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಆರ್‌ಟಿಐ ಹಾಕಿದರೆ ‘ಮಾಹಿತಿ ಕೊಡಲಾಗದು’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಮುಂದೇನು? (ಕಲಬುರಗಿ)

ಒಳ್ಳೆಯ ವಿಷಯ ಹಿಡಿದಿದ್ದೀರಿ. ನಿರ್ಭಯಾ ನಿಧಿಯಿಂದ ಎಂಟು ನಗರಗಳಲ್ಲಿ ಈ ಯೋಜನೆ, ಬೆಂಗಳೂರೂ ಅದರಲ್ಲೊಂದು. ಹೆಣ್ಣುಮಕ್ಕಳ ಸುರಕ್ಷತೆಗೆಂದು ಎತ್ತಿಟ್ಟ ಹಣದಲ್ಲಿ ಕಣ್ಗಾವಲು ಕಟ್ಟಿದಾಗ ಆ ಹೆಣ್ಣುಮಕ್ಕಳ ಖಾಸಗಿತನದ ಪಾಡೇನು ಎಂದು ಕೇಳುವವರು ಕಡಿಮೆ.

ನಿಮ್ಮ ಅರ್ಜಿಯ ಪ್ರತಿ ನೋಡಿದೆವು. ‘ಈ ತಂತ್ರಜ್ಞಾನ ಏಕೆ ಬಳಸುತ್ತಿದ್ದೀರಿ, ಮಹಿಳೆಯರಿಗೆ ಇದರಿಂದ ಹೇಗೆ ಅನುಕೂಲ?’ ಎಂದು ಬರೆದಿದ್ದೀರಿ. ಏಕೆ, ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಬಾಧ್ಯತೆ ಅವರಿಗಿಲ್ಲ. ಇರುವ ಕಾಗದ ಕೊಡುವ ಬಾಧ್ಯತೆ ಇದೆ. ಕಾಗದವನ್ನು ಹೆಸರಿಟ್ಟು ಕೇಳಿ: ಕಾರ್ಯಾದೇಶದ ಪ್ರತಿ, ಗುತ್ತಿಗೆದಾರರೊಂದಿಗಿನ ಒಪ್ಪಂದ, ಮುಖ ಗುರುತಿನ ಸಾಫ್ಟ್‌ವೇರ್‌ನ ಸ್ವೀಕಾರ ಪರೀಕ್ಷೆಯ ವರದಿ, ದೃಶ್ಯಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕೆಂಬ ಆದೇಶ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಾಗಾಗಿ ಒಂದೊಂದು ಕಾಗದಕ್ಕೆ ಒಂದೊಂದು ಅರ್ಜಿ, ತಲಾ 10 ರೂಪಾಯಿ. 30 ದಿನದಲ್ಲಿ ಉತ್ತರ ಬರದಿದ್ದರೆ ನಿರಾಕರಿಸಿದಂತೆಯೇ. ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಆದೇಶದಿಂದ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು.

ಒಂದು ಸಾಲಿನ ನಿರಾಕರಣೆಯನ್ನು ಒಪ್ಪಬೇಡಿ. ಆರ್‌ಟಿಐ ಕಾಯ್ದೆಯ ಯಾವ ಸೆಕ್ಷನ್ ಎಂದು ಅವರು ಹೇಳಲೇಬೇಕು. 8(1)(ಡಿ), ಅಂದರೆ ವಾಣಿಜ್ಯ ರಹಸ್ಯ ಎಂದರೆ, ಅದರೊಳಗೇ ಸಾರ್ವಜನಿಕ ಹಿತದ ವಿನಾಯಿತಿ ಇದೆ ಎಂದು ಮೇಲ್ಮನವಿಯಲ್ಲಿ ಬರೆಯಿರಿ. ಕೊಡಲಾಗದ ಭಾಗ ಮುಚ್ಚಿ ಉಳಿದದ್ದು ಕೊಡಿ ಎಂದು 10ನೇ ಸೆಕ್ಷನ್ ಅಡಿ ಕೇಳಿ. ವೈಯಕ್ತಿಕ ಮಾಹಿತಿಯ 8(1)(ಜೆ)ಯನ್ನು ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, 2023ರ 44(3)ನೇ ಸೆಕ್ಷನ್ ತಿದ್ದಿ ಇನ್ನಷ್ಟು ಬಿಗಿ ಮಾಡಿದೆ. ಹಳೆಯ ಪುಸ್ತಕದ ವಾದ ಈಗ ನಿಲ್ಲುವುದಿಲ್ಲ, 8(2)ರ ಸಾರ್ವಜನಿಕ ಹಿತದ ವಾದ ಇನ್ನೂ ಇದೆ.

ಆರ್‌ಟಿಐಗೆ ಕಾಯುತ್ತ ಕೂರುವ ಬದಲು ಟೆಂಡರ್ ದಾಖಲೆ ಹುಡುಕಿ. ರಾಜ್ಯದ ಖರೀದಿ ಪೋರ್ಟಲ್‌ನಲ್ಲಿ ಸಿಗುವ ಟೆಂಡರ್‌ನ ತಾಂತ್ರಿಕ ಷರತ್ತುಗಳಲ್ಲಿ ಮಂತ್ರಿಗಳ ಭಾಷಣದಲ್ಲಿ ಇಲ್ಲದ್ದೆಲ್ಲ ಇರುತ್ತದೆ. ಕಂಡ ತಕ್ಷಣ ಪಿಡಿಎಫ್ ಇಳಿಸಿಕೊಂಡು ದಿನಾಂಕ ಬರೆದಿಡಿ, ನಾಳೆ ಆ ಕೊಂಡಿ ತೆರೆಯದಿರಬಹುದು.

ಆ ಷರತ್ತುಗಳನ್ನು ಓದುವಾಗ ಒಂದು ವ್ಯತ್ಯಾಸ ತಿಳಿದಿರಲಿ. ಅಂಗನವಾಡಿಯಲ್ಲಿ ನಡೆಯುವುದು ಒಬ್ಬರ ಮುಖವನ್ನು ಅವರದೇ ದಾಖಲೆಯೊಂದಿಗೆ ಹೋಲಿಸುವ ಪರಿಶೀಲನೆ. ಬೀದಿ ಕ್ಯಾಮೆರಾ ಮಾಡುವುದು ಹೋಗಿ ಬರುವ ಪ್ರತಿ ಮುಖವನ್ನೂ ಇಡೀ ಪಟ್ಟಿಯೊಂದಿಗೆ ಹೋಲಿಸುವ ಹುಡುಕಾಟ. ಮೊದಲನೆಯದರಲ್ಲಿ ಅಪಾಯ ‘ಇವಳು ಅವಳಲ್ಲ’ ಎಂಬ ತಪ್ಪು, ಅದರಿಂದ ಆಹಾರ ತಪ್ಪುತ್ತದೆ. ಎರಡನೆಯದರಲ್ಲಿ ಅಪಾಯ ‘ಇವಳೇ ಅವಳು’ ಎಂಬ ತಪ್ಪು, ಅದರಿಂದ ಪೊಲೀಸರು ಬರುತ್ತಾರೆ. ಹೊಂದಾಣಿಕೆಯ ಮಿತಿಯನ್ನು ಏರಿಸಿದರೆ ಎರಡನೆಯ ತಪ್ಪು ಇಳಿಯುತ್ತದೆ, ಮೊದಲನೆಯದು ಏರುತ್ತದೆ. ‘ಶೇ 99 ನಿಖರ’ ಎಂಬ ಜಾಹೀರಾತು ಯಾವ ತಪ್ಪಿನ ಬಗ್ಗೆ ಎಂದು ಕೇಳದೆ ಮುಂದೆ ಹೋಗಬೇಡಿ. ತಿಂಗಳಿಗೆ ಒಂದು ಲಕ್ಷ ತಾಯಂದಿರ ಮುಖ ಹಿಡಿದರೆ ಆ ಉಳಿದ ಶೇ 1 ಎಂದರೆ ಸಾವಿರ ಜನ.

ಡೀಪ್‌ಫೇಕ್ ನಗ್ನಚಿತ್ರಗಳಿಗೆ ಗುರಿಯಾದ ಮಹಿಳೆಯರ ಕುರಿತು ಸಂಶೋಧನೆ ಮಾಡುವ ಯೋಚನೆ. ಇಂಥ ಚಿತ್ರಗಳ ಒಂದು ಮಾದರಿ ಸಂಗ್ರಹ ಮಾಡಿಕೊಂಡರೆ ಹೇಗೆ? (ಮಂಗಳೂರು)

ಮಾಡಬೇಡಿ. ಚಿತ್ರದಲ್ಲಿರುವವರು 18 ತುಂಬದವರಾಗಿದ್ದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಪ್ರಕಾರ ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು ಎಲ್ಲವೂ ಅಪರಾಧ. ಪೋಕ್ಸೊ ಕಾಯ್ದೆಯ 15ನೇ ಸೆಕ್ಷನ್ ಅಡಿ ಇಟ್ಟುಕೊಳ್ಳುವುದರ ಬಗ್ಗೆ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಹೇಳಿದೆ. ‘ಸಂಶೋಧನೆಗೆ’ ಎಂಬ ಉತ್ತರ ರಕ್ಷಣೆಯಾಗುತ್ತದೆಂದು ನೆಚ್ಚಬೇಡಿ, ಮುಖ ನೋಡಿ ವಯಸ್ಸು ಹೇಳಲೂ ಆಗದು. ವಯಸ್ಕರ ಚಿತ್ರವೇ ಆದರೂ, ಆಕೆಯ ಒಪ್ಪಿಗೆಯಿಲ್ಲದೆ ಇನ್ನೊಂದು ಪ್ರತಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದೇ ಆಕೆಗೆ ಇನ್ನೊಂದು ಪೆಟ್ಟು.

ಚಿತ್ರ ಬಿಡಿ, ಆಕೆ ಹಾದುಹೋದ ದಾರಿಯನ್ನು ಅಧ್ಯಯನ ಮಾಡಿ. ಯಾರಿಗೆ ಮೊದಲು ದೂರು ಕೊಟ್ಟಳು, ಠಾಣೆಯಲ್ಲಿ ಯಾವ ಸೆಕ್ಷನ್ ಹಾಕಿದರು, ವೇದಿಕೆಯಿಂದ ಚಿತ್ರ ತೆಗೆಸಲು ಎಷ್ಟು ಹೊತ್ತು ಹಿಡಿಯಿತು, ಮತ್ತೆ ಬಂತೇ. 2021ರ ಐಟಿ ನಿಯಮಗಳ 3(2)(ಬಿ) ಮೂಲ ರೂಪದಲ್ಲಿ, ತಿರುಚಿದ ಚಿತ್ರಗಳೂ ಸೇರಿದಂತೆ, ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದಿತ್ತು. ಈ ನಿಯಮಗಳಿಗೆ ಪದೇ ಪದೇ ತಿದ್ದುಪಡಿ ಬರುತ್ತದೆ. ಘಟನೆ ನಡೆದ ದಿನ ಯಾವ ಪಠ್ಯ ಜಾರಿಯಲ್ಲಿತ್ತು ಎಂದು ನೋಡಿ ಉಲ್ಲೇಖಿಸಿ.

ಕಾನೂನಿನ ತಿರುಳು ಇರುವುದು ಒಂದು ಬಿರುಕಿನಲ್ಲಿ. ಐಟಿ ಕಾಯ್ದೆಯ 66ಇ, ಒಬ್ಬ ವ್ಯಕ್ತಿಯ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವ ಅಥವಾ ಹರಡುವ ಬಗ್ಗೆ. ಭಾರತೀಯ ನ್ಯಾಯ ಸಂಹಿತೆಯ 77, ಖಾಸಗಿ ಕ್ರಿಯೆಯಲ್ಲಿರುವ ಹೆಣ್ಣನ್ನು ಕದ್ದು ನೋಡುವ, ಚಿತ್ರೀಕರಿಸುವ ಬಗ್ಗೆ. ಡೀಪ್‌ಫೇಕ್‌ನಲ್ಲಿ ಮುಖ ಮಾತ್ರ ಆಕೆಯದು, ದೇಹ ಆಕೆಯದಲ್ಲ, ಕ್ಯಾಮೆರಾ ಅವಳ ಕಡೆ ತಿರುಗಿಯೇ ಇರಲಿಲ್ಲ. ಹಾಗಾಗಿ ಈ ಎರಡೂ ಸಲೀಸಾಗಿ ಕೂರುವುದಿಲ್ಲ. ಉಳಿಯುವುದು ಅಶ್ಲೀಲತೆಯ 67 ಮತ್ತು 67ಎ. ಅವು ಕೇಳುವ ಪ್ರಶ್ನೆ ‘ಚಿತ್ರ ಅಶ್ಲೀಲವೇ’ ಎಂಬುದು, ‘ಆಕೆ ಒಪ್ಪಿದ್ದಳೇ’ ಎಂಬುದಲ್ಲ. ಹೋಲಿಕೆಗೆ ಮಹಿಳೆಯರ ಮೇಲಿನ ಹಿಂಸೆ ತಡೆಯುವ ಐರೋಪ್ಯ ಒಕ್ಕೂಟದ 2024/1385 ನಿರ್ದೇಶನ ನೋಡಿ. ಅದು ಒಪ್ಪಿಗೆಯಿಂದಲೇ ಶುರುವಾಗುತ್ತದೆ, ಸದಸ್ಯ ದೇಶಗಳು 2027ರ ಜೂನ್ 14ರೊಳಗೆ ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಬೇಕು. ಅಮೆರಿಕದಲ್ಲಿ 2025ರ ಮೇಯಲ್ಲಿ ಬಂದ ‘ಟೇಕ್ ಇಟ್ ಡೌನ್’ ಕಾಯ್ದೆ ವೇದಿಕೆಗಳಿಗೆ 48 ಗಂಟೆ ಕೊಟ್ಟಿದೆ.

ಸಂದರ್ಶನಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು. ಸಂದರ್ಶನದ ನಡುವೆ ಆಕೆ ‘ನಿಲ್ಲಿಸಿ’ ಎಂದರೆ ನಿಲ್ಲಿಸಿ, ಅಲ್ಲಿಯ ತನಕ ಹೇಳಿದ್ದನ್ನೂ ಅಳಿಸುವ ಆಯ್ಕೆ ಆಕೆಗೆ ಇರಲಿ. ಚಿತ್ರ ಇನ್ನೂ ಓಡಾಡುತ್ತಿದ್ದರೆ ಕೈಗೆ ಕೊಡಲು ಎರಡು ಮಾಹಿತಿ ಸಿದ್ಧವಿಟ್ಟುಕೊಳ್ಳಿ: ಒಂದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್. ಇನ್ನೊಂದು, 18 ದಾಟಿದವರಿಗಾಗಿ ಇರುವ ಸ್ಟಾಪ್‌ಎನ್‌ಸಿಐಐ. ಅದು ಚಿತ್ರವನ್ನು ಫೋನಿನಿಂದ ಹೊರಗೆ ಕಳಿಸದೆ ಅದರ ಡಿಜಿಟಲ್ ಗುರುತನ್ನು ಮಾತ್ರ ಕಂಪನಿಗಳಿಗೆ ಕೊಡುತ್ತದೆ. ಇನ್ನೊಂದು ಮಾತು. ದೂರು ಕೊಡಿ ಎಂದು ನೀವು ಒತ್ತಾಯಿಸಬಾರದು. ಅದು ಆಕೆಯ ತೀರ್ಮಾನ.

ಯುರೋಪಿನಲ್ಲಿ ಪಿಎಚ್‌ಡಿ ಮಾಡಿದರೆ ಅಲ್ಲಿಯ ಎಐ ಕಾಯ್ದೆಯ ಬಗ್ಗೆಯೇ ಬರೆಯಬೇಕಾ? ಅರ್ಜಿ ಹೇಗೆ? (ದಾವಣಗೆರೆ)

ಹಾಗೇನಿಲ್ಲ, ಆದರೆ ಕಾಯ್ದೆ ಗೊತ್ತಿರಬೇಕು. 2024/1689 ಸಂಖ್ಯೆಯ ಆ ಕಾಯ್ದೆ 2024ರ ಆಗಸ್ಟ್ 1ರಂದು ಅಸ್ತಿತ್ವಕ್ಕೆ ಬಂತು. ನಿಷೇಧಿತ ಬಳಕೆಗಳ ಭಾಗ 2025ರ ಫೆಬ್ರುವರಿ 2ರಿಂದ ಅನ್ವಯ. ನೇಮಕಾತಿ, ಶಿಕ್ಷಣ, ಸಾಲದ ಅರ್ಹತೆ, ಸರ್ಕಾರಿ ಸವಲತ್ತಿನಂಥವು ಮೂರನೇ ಅನುಬಂಧದಲ್ಲಿ ‘ಹೆಚ್ಚು ಅಪಾಯ’ದ ಪಟ್ಟಿಯಲ್ಲಿವೆ. ಮಹಿಳಾ ಹಕ್ಕಿನ ದೃಷ್ಟಿಯಿಂದ 10 ಮತ್ತು 27ನೇ ವಿಧಿಗಳನ್ನು ಮೊದಲು ಓದಿ. ಒಂದು ತರಬೇತಿ ಡೇಟಾದ ಗುಣಮಟ್ಟದ ಬಗ್ಗೆ, ಇನ್ನೊಂದು ಮೂಲಭೂತ ಹಕ್ಕುಗಳ ಮೇಲಿನ ಪರಿಣಾಮ ಪರಿಶೀಲಿಸುವ ಬಗ್ಗೆ. ಜಾರಿ ದಿನಾಂಕಗಳನ್ನು ಮುಂದೂಡುವ ಚರ್ಚೆ ನಡೆದಿರುವುದರಿಂದ ಅರ್ಜಿ ಕಳಿಸುವ ದಿನ ಮತ್ತೆ ಪರಿಶೀಲಿಸಿ.

ನೆದರ್ಲೆಂಡ್ಸ್‌ನಲ್ಲಿ ಪಿಎಚ್‌ಡಿ ಎಂದರೆ ಬಹುಪಾಲು ಸಂಬಳದ ಕೆಲಸ, ಹುದ್ದೆಗೆ ಜಾಹೀರಾತು ಬರುತ್ತದೆ. ಆಮ್‌ಸ್ಟರ್‌ಡ್ಯಾಮ್, ಟಿಲ್‌ಬರ್ಗ್, ಬೆಲ್ಜಿಯಂನ ಲ್ಯೂವೆನ್ ಈ ಕ್ಷೇತ್ರದಲ್ಲಿ ಹೆಸರಾದವು. ಐರೋಪ್ಯ ಒಕ್ಕೂಟ ಹಣ ಕೊಡುವ ಮರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಹುದ್ದೆಗಳಿಗೆ ಒಂದು ಷರತ್ತು: ಹಿಂದಿನ 36 ತಿಂಗಳಲ್ಲಿ ಹುದ್ದೆ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಊರಲ್ಲೇ ಇರುವ ನಿಮಗೆ ಅದು ಅನುಕೂಲವೇ. ಅರ್ಜಿ ಬಿದ್ದುಹೋಗುವುದು ಸಾಮಾನ್ಯವಾಗಿ ಇಂಗ್ಲಿಷ್ ಸರಿಯಿಲ್ಲವೆಂದಲ್ಲ, ಎಲ್ಲ ಪ್ರಾಧ್ಯಾಪಕರಿಗೂ ಒಂದೇ ಇಮೇಲ್ ಕಳಿಸುವುದರಿಂದ. ಅವರ ಒಂದು ಲೇಖನ ಓದಿ, ಅದರಲ್ಲಿ ನೀವು ಒಪ್ಪದ ಒಂದು ಅಂಶವನ್ನು ಎರಡು ಸಾಲಿನಲ್ಲಿ ಬರೆಯಿರಿ. ಕರ್ನಾಟಕದ ಉದಾಹರಣೆಯನ್ನು ಬಿಟ್ಟುಕೊಡಬೇಡಿ. ಆ್ಯಪ್ ಮೂಲಕ ಕೆಲಸ ಪಡೆಯುವ ಗಿಗ್ ಕಾರ್ಮಿಕರಿಗಾಗಿ ರಾಜ್ಯ 2025ರಲ್ಲಿ ತಂದ ಕಾಯ್ದೆ, ಕೆಲಸ ಹಂಚುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕರಿಗೆ ತಿಳಿಸಬೇಕು ಎನ್ನುತ್ತದೆ. ಮನೆಮನೆಗೆ ಹೋಗಿ ಬ್ಯೂಟಿ ಸೇವೆ ಕೊಡುವ ಹೆಣ್ಣುಮಕ್ಕಳ ಐಡಿ ಬ್ಲಾಕ್ ಆಗುವುದನ್ನು ಅದರೊಂದಿಗೆ ಇಟ್ಟು ನೋಡಿದರೆ ಅಲ್ಲಿಯವರೂ ಕಿವಿಗೊಡುವಂಥ ಪ್ರಸ್ತಾವವಾಗುತ್ತದೆ.

ಪ್ರಬಂಧ ಬರೆಯಲು ಚಾಟ್‌ಜಿಪಿಟಿ ಬಳಸಬಹುದಾ? (ತುಮಕೂರು)

ನಿಮ್ಮ ವಿಶ್ವವಿದ್ಯಾಲಯದ ನಿಯಮ ಮೊದಲು ನೋಡಿ. ಬಳಸಿದರೆ ಎಲ್ಲಿ ಬಳಸಿದ್ದೀರೆಂದು ಬರೆಯಿರಿ. ತೀರ್ಪು ಹುಡುಕಲು ಮಾತ್ರ ಖಂಡಿತ ಬೇಡ. ಇಲ್ಲದ ತೀರ್ಪನ್ನು ಸಂಖ್ಯೆ, ವರ್ಷ ಸಮೇತ ಹುಟ್ಟಿಸಿ ಕೊಡುತ್ತದೆ. ನ್ಯೂಯಾರ್ಕಿನಲ್ಲಿ 2023ರಲ್ಲಿ ಅಂಥ ಉಲ್ಲೇಖ ಕೊಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ 2024ರ ಆದೇಶವೊಂದನ್ನು ಇಲ್ಲದ ತೀರ್ಪುಗಳು ಸೇರಿಕೊಂಡಿದ್ದಕ್ಕೆ ಹಿಂಪಡೆಯಬೇಕಾಯಿತು. ಕೃತಿಚೌರ್ಯಕ್ಕೆ ಯುಜಿಸಿಯ 2018ರ ನಿಯಮ ಬೇರೆಯೇ ಇದೆ: ಸಾಮ್ಯ ಶೇ 10ರ ತನಕ ದಂಡವಿಲ್ಲ, ಶೇ 40ರ ತನಕ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ 60ರ ತನಕ ಒಂದು ವರ್ಷ ಸಲ್ಲಿಸುವಂತಿಲ್ಲ, ಅದರಾಚೆ ನೋಂದಣಿಯೇ ರದ್ದು.

ಕನ್ನಡದಲ್ಲೇ ಪಿಎಚ್‌ಡಿ ಬರೆಯಬಹುದೇ? (ಹೊಸಪೇಟೆ)

ಬರೆಯಬಹುದು, ನಿಮ್ಮ ಪಕ್ಕದ ಹಂಪಿಯಲ್ಲೇ ಕನ್ನಡ ವಿಶ್ವವಿದ್ಯಾಲಯವಿದೆ. ಕಾನೂನು ವಿಭಾಗಗಳಲ್ಲಿ ಮಾತ್ರ ಮೊದಲೇ ಕೇಳಿಕೊಳ್ಳಿ, ಕನ್ನಡ ಬಲ್ಲ ಹೊರಗಿನ ಪರೀಕ್ಷಕರು ಸಿಗುವುದೇ ಕಷ್ಟವಾಗಿ ವೈವಾ ತಡವಾಗಬಹುದು. ಇಂಗ್ಲಿಷಿನಲ್ಲೇ ಬರೆದರೂ ಸಮ್ಮತಿ ಪತ್ರ ಮತ್ತು ಪ್ರಶ್ನಾವಳಿ ಕನ್ನಡದಲ್ಲಿರಲಿ, ನಿಮ್ಮ ಜಿಲ್ಲೆಯ ಆಡುಮಾತಿನಲ್ಲಿ. ‘ಜೈವಿಕ ದತ್ತಾಂಶ ಸಂಸ್ಕರಣೆಗೆ ಸಮ್ಮತಿಸುತ್ತೇನೆ’ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಸಮ್ಮತಿಯಲ್ಲ. ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ‘ನಿಮಗೇನು ತಿಳೀತು, ನೀವೇ ಹೇಳಿ’ ಎಂದು ಕೇಳಿ. ಆಕೆ ಹೇಳಿದ್ದು ನಿಮ್ಮ ಪತ್ರಕ್ಕೆ ಹೊಂದದಿದ್ದರೆ ತಿದ್ದಬೇಕಾದ್ದು ಪತ್ರವನ್ನು.